ಕೊನೆಯ ನೋವಿಗೆ ಯಾವ ಡಾಕ್ಟರ್? ಬೀದರ್, ಭಾಲ್ಕಿ, ಔರಾದ್ ಕೇಳಬೇಕಾದ ಪ್ರಶ್ನೆ

“ಇನ್ನ ನಮ್ಮ ಕೈಯಾಗ ಏನಿಲ್ಲ, ಮನೀಗೆ ಒಯ್ರಿ.” ದವಾಖಾನೆಯಲ್ಲಿ ಕೊನೆಗೆ ಇಂಥದ್ದೊಂದು ಮಾತು ಕೇಳದ ಮನೆ ನಮ್ಮ ಕಡೆ ಕಮ್ಮಿ. ಆದರೆ ಆ ಮಾತು ಪೂರ್ತಿ ನಿಜ ಅಲ್ಲ. ರೋಗ ವಾಸಿಯಾಗದಿದ್ದರೂ ನೋವು, ಉಬ್ಬಸ, ವಾಂತಿ, ಭಯ ಇವಕ್ಕೆಲ್ಲ ಚಿಕಿತ್ಸೆ ಇದೆ. ಅದಕ್ಕೇ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ ಅನ್ನೋದು. ಕೊನೆಯ ದಿನಗಳ ಆರೈಕೆಗೆ ಹಾಸ್ಪೈಸ್ ಅಂತಾರೆ.

ಇದು ಕ್ಯಾನ್ಸರ್ ಡಾಕ್ಟರ್ ಕೆಲಸ ಅಲ್ವಾ?

ಬರೀ ಅವರದ್ದಲ್ಲ. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಈ ಕೆಲಸ ಶುರು ಮಾಡಿದವರಲ್ಲಿ ಒಬ್ಬರಾದ ಡಾ. ಎಂ.ಆರ್. ರಾಜಗೋಪಾಲ್ ಅರಿವಳಿಕೆ ತಜ್ಞರು. ಅಮೆರಿಕದಲ್ಲಿ 2006ರಲ್ಲಿ ಇದಕ್ಕೆ ಪ್ರತ್ಯೇಕ ಮಾನ್ಯತೆ ಸಿಕ್ಕಾಗ 10 ತಜ್ಞ ಮಂಡಳಿಗಳು ಕೈಜೋಡಿಸಿದವು. ಜನರಲ್ ಮೆಡಿಸಿನ್, ಮಕ್ಕಳ ವಿಭಾಗ, ಸರ್ಜರಿ, ಮನೋವೈದ್ಯಕೀಯ, ತುರ್ತು ಚಿಕಿತ್ಸೆ ಎಲ್ಲವೂ ಅದರಲ್ಲಿದ್ದವು.

ಕಾರಣ ಸರಳ. ಕಿಡ್ನಿ ಕೈಕೊಟ್ಟ ತಾಯಿ, ಲಕ್ವಾ ಹೊಡೆದ ಅಜ್ಜ, ಸೆರೆಬ್ರಲ್ ಪಾಲ್ಸಿ ಇರೋ ಮಗು, ದಮ್ಮಿನ ರೋಗಿ, ಇವರೆಲ್ಲರ ಕಷ್ಟ ಒಂದೇ ಥರ ಇರಲ್ಲ. ಒಬ್ಬನೇ ತಜ್ಞನ ಮೇಲೆ ನಿಂತ ವ್ಯವಸ್ಥೆ ಅವನ ವರ್ಗಾವಣೆ ಆದ ದಿನವೇ ಬಿದ್ದುಹೋಗುತ್ತೆ.

ಕಾಗದದಲ್ಲಿ ಏನಿದೆ?

ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮ ಬಂದಿದ್ದು 2012ರಲ್ಲಿ, ಕರ್ನಾಟಕದ ಸ್ವಂತ ನೀತಿ 2016ರಲ್ಲಿ. 2014ರ ಎನ್‌ಡಿಪಿಎಸ್ ತಿದ್ದುಪಡಿ ಮಾರ್ಫಿನ್‌ನಂಥ ಅಗತ್ಯ ನೋವುನಿವಾರಕಗಳ ದಾರಿ ಸಲೀಸು ಮಾಡಿತು. ಆಸ್ಪತ್ರೆಗೆ ರಾಜ್ಯ ಔಷಧ ನಿಯಂತ್ರಕರ ಮಾನ್ಯತೆ ಬೇಕು, ಜೊತೆಗೆ ನೋವು ನಿವಾರಣೆಯಲ್ಲಿ ತರಬೇತಿ ಪಡೆದ ಒಬ್ಬ ಡಾಕ್ಟರ್ ಇರಬೇಕು. ಅವರು ಕ್ಯಾನ್ಸರ್ ತಜ್ಞರೇ ಆಗಬೇಕು ಅಂತ ನಿಯಮ ಹೇಳಲ್ಲ.

ಹಾಗಾದ್ರೆ ಬೀದರ್?

ಕಿದ್ವಾಯಿ ಮತ್ತು ಕರುಣಾಶ್ರಯ ಇರೋದು ಸುಮಾರು 700 ಕಿ.ಮೀ. ದೂರದ ಬೆಂಗಳೂರಿನಲ್ಲಿ. ಕಿದ್ವಾಯಿಯ ಕಲಬುರಗಿ ಕೇಂದ್ರಕ್ಕೂ ಬೀದರ್‌ನಿಂದ 100 ಕಿ.ಮೀ. ಮೇಲಾಗುತ್ತೆ. ಹಾಸಿಗೆ ಹಿಡಿದವರನ್ನ ಔರಾದ್‌ನಿಂದ ಅಷ್ಟು ದೂರ ಒಯ್ಯೋದು ಚಿಕಿತ್ಸೆ ಅಲ್ಲ, ಶಿಕ್ಷೆ. ಹೈದರಾಬಾದ್‌ಗೆ ಒಯ್ಯಬೇಕಂದ್ರೆ ಮೊದಲು ಗಾಡಿ ಬಾಡಿಗೆ ಹೊಂದಿಸಬೇಕು.

ಹಾಗಾಗಿ ಪ್ಯಾಲಿಯೇಟಿವ್ ಎಂಡಿ ಮಾಡಿದವರು ಬರಲಿ ಅಂತ ಕಾಯೋದು ನೆಪ ಅಷ್ಟೇ. ಬ್ರಿಮ್ಸ್‌ನಲ್ಲಿ ಹಲವು ವಿಭಾಗಗಳಿವೆ. ತಾಲ್ಲೂಕು ಆಸ್ಪತ್ರೆ ಅಂದಮೇಲೆ ಫಿಸಿಷಿಯನ್, ಅರಿವಳಿಕೆ, ಮಕ್ಕಳ ತಜ್ಞರ ಹುದ್ದೆ ಇರಬೇಕು. ಅಲ್ಲಿರುವ ಡಾಕ್ಟರ್‌ಗೆ ಕೆಲವು ವಾರಗಳ ತರಬೇತಿ, ಮನೆಮನೆಗೆ ಹೋಗೋ ಒಬ್ಬ ನರ್ಸ್, ವಿಷಯ ಮುಟ್ಟಿಸೋ ಆಶಾ ಕಾರ್ಯಕರ್ತೆ ಇದ್ದರೆ ಕೆಲಸ ಶುರುವಾಗುತ್ತೆ.

371(ಜೆ) ಅಂದಾಗ ನಾವು ಸೀಟು, ನೌಕರಿ ಲೆಕ್ಕ ಹಾಕ್ತೀವಿ. ಮುಂದಿನ ಸಲ ಶಾಸಕರು ಸಿಕ್ಕಾಗ ಎರಡೇ ಪ್ರಶ್ನೆ ಕೇಳಿ, ಉತ್ತರ ಬರದಿದ್ದರೆ ಆರ್‌ಟಿಐ ಹಾಕಿ: ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಾರ್ಫಿನ್ ಕೊಡುವ ಮಾನ್ಯತೆ ಇದೆಯಾ? ಅದನ್ನ ಬರೆದುಕೊಡೋ ಡಾಕ್ಟರ್ ಯಾರು?