ಎರಡು ಗೋಲು, ಒಂದು ‘ಮೈಸೂರು’: ಅಹ್ಮದ್ ಖಾನ್ ಕುರಿತು ಒಂದು ಟಿಪ್ಪಣಿ

ಸ್ವತಂತ್ರ ಭಾರತ ಒಲಿಂಪಿಕ್ ಫುಟ್‌ಬಾಲಿನಲ್ಲಿ ಗಳಿಸಿದ ಮೊದಲ ಎರಡು ಗೋಲುಗಳೂ ನಮ್ಮ ಸೀಮೆಯಲ್ಲಿ ಆಡಿ ಬೆಳೆದವರ ಕಾಲಿನಿಂದ ಬಂದವು. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಮೈಸೂರು ತಂಡದ ಸಾರಂಗಪಾಣಿ ರಾಮನ್ ಹೊಡೆದದ್ದು ಒಂದು. 1952ರ ಜುಲೈ 15ರಂದು ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ವಿರುದ್ಧ ಬೆಂಗಳೂರಿನ ಅಹ್ಮದ್ ಖಾನ್ ಹೊಡೆದದ್ದು ಇನ್ನೊಂದು. ಮೊದಲ ಪಂದ್ಯವನ್ನು ಭಾರತ 2–1ರಿಂದ ಸೋತಿತು. ಅದರಲ್ಲಿ ಎರಡು ಪೆನಾಲ್ಟಿಗಳು ಕೈತಪ್ಪಿದ್ದವು. ಎರಡನೆಯದನ್ನು ಸೋತದ್ದು 10–1ರಿಂದ. ಜನರ ನೆನಪಿನಲ್ಲಿ ಉಳಿದದ್ದು ಆ ಹತ್ತು ಗೋಲು ಮತ್ತು ನಮ್ಮ ಆಟಗಾರರ ಬರಿಗಾಲು. ಆ ಒಂದನ್ನು ಹೊಡೆದವರು ಯಾರು ಎಂದು ಕೇಳಿದವರು ಕಡಿಮೆ. ಈ ಟಿಪ್ಪಣಿ ಅವರ ಬಗ್ಗೆ.

ಮೊದಲು ‘ಮೈಸೂರು’ ಎಂಬ ಹೆಸರನ್ನು ಬಿಡಿಸಿಕೊಳ್ಳಬೇಕು. ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯ ದಾಖಲೆಗಳಲ್ಲಿ ಕಾಣುವ ಮೈಸೂರು ಅರಮನೆಯ ಊರಲ್ಲ, ಇಡೀ ರಾಜ್ಯ. ನಾನು ಕುಳಿತು ಬರೆಯುತ್ತಿರುವ ತುಮಕೂರಿನ ಉಪ್ಪಾರಹಳ್ಳಿಯೂ ಗುಬ್ಬಿ, ಕುಣಿಗಲ್ಲುಗಳೂ ಅದರೊಳಗೇ ಇದ್ದವು. ಆ ಮೈಸೂರು 1946–47ರಲ್ಲಿ ಬಂಗಾಳವನ್ನು ಸೋಲಿಸಿ ಟ್ರೋಫಿ ಗೆದ್ದಿತು, 1952–53ರಲ್ಲಿ ಮತ್ತೆ ಬಂಗಾಳವನ್ನೇ ಮಣಿಸಿತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾದ ಮೇಲೆ ದಾಖಲೆಯ ಹೆಸರೂ ಬದಲಾಯಿತು. ಹಾಗಾಗಿ ‘ಕರ್ನಾಟಕ’ ಎಂದು ಹುಡುಕುವ ಇಂದಿನ ಓದುಗನಿಗೆ ಹಳೆಯ ಗೆಲುವುಗಳು ಸಿಕ್ಕುವುದಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ ‘54 ವರ್ಷಗಳ ನಂತರ’ ಎಂದು ಎಣಿಸಿದ್ದು 1968–69ರ ಮೈಸೂರಿನಿಂದ.

ಅಹ್ಮದ್ ಖಾನ್ 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದರು. ತಂದೆಯೂ ಆಟಗಾರರು, ಊರಿಗೆಲ್ಲ ಬಾಬಾ ಖಾನ್. ಅಹ್ಮದ್ ಕಣ್ಣು ಬಿಡುವ ಹೊತ್ತಿಗೆ ಬೆಂಗಳೂರಿನ ಫುಟ್‌ಬಾಲ್ ಎಳಸಾಗಿ ಉಳಿದಿರಲಿಲ್ಲ. ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದ ಬೊಂಬಾಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬ್ಯಾಂಗಲೂರ್ ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರ ಕೈಯಲ್ಲೇ ಉಳಿಯಿತು. ಹುಡುಗನೊಬ್ಬ ಫುಟ್‌ಬಾಲನ್ನೇ ಬದುಕೆಂದು ನಂಬಲು ಊರಲ್ಲೇ ಅಂಥ ಉದಾಹರಣೆ ಇತ್ತು.

1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಆ ಒಂದೇ ವರ್ಷ ಕ್ಲಬ್ಬು ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡ್ 1950 ಮತ್ತು 1951ರಲ್ಲೂ ಅವರದೇ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ: ಈ ಐವರನ್ನು ಬಂಗಾಳದ ಜನ ‘ಪಂಚ ಪಾಂಡವರು’ ಎಂದು ಕರೆದರು. ದಕ್ಷಿಣದಿಂದ ಹೋದ ಆಟಗಾರರನ್ನು ಬಂಗಾಳ ಮಹಾಭಾರತದ ಹೆಸರು ಕೊಟ್ಟು ಮನೆಯವರನ್ನಾಗಿ ಮಾಡಿಕೊಂಡದ್ದು ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಸಂಗತಿ.

ಅಹ್ಮದ್ ಖಾನ್ ಅವರನ್ನು ಇಂದಿನ ಅರ್ಥದಲ್ಲಿ ‘ಸ್ಟ್ರೈಕರ್’ ಎನ್ನುವುದು ತಪ್ಪಾಗುತ್ತದೆ. ಆಗಿನ ಭಾರತೀಯ ತಂಡಗಳು ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರನ್ನು ನಿಲ್ಲಿಸಿ ಆಡುತ್ತಿದ್ದವು. ಗೋಲು ಹೊಡೆಯುವ ಮುಖ್ಯ ಹೊಣೆ ನಡುವಿನ ಸೆಂಟರ್ ಫಾರ್ವರ್ಡ್‌ನದು. ಅಹ್ಮದ್ ಖಾನ್ ಇನ್‌ಸೈಡ್ ಲೆಫ್ಟ್, ಅಂದರೆ ಸೆಂಟರ್ ಫಾರ್ವರ್ಡ್‌ಗೂ ಎಡಗಡೆಯ ಸಾಲೆಗೂ ನಡುವಿನವರು. ಹಿಂದಿನಿಂದ ಚೆಂಡು ಪಡೆದು, ಎದುರಾಳಿಯನ್ನು ಮೈಮೇಲೆ ಎಳೆದುಕೊಂಡು, ಅವನನ್ನು ದಾಟಿ ಪಕ್ಕದವನಿಗೆ ದಾರಿ ಬಿಡಿಸುವುದು ಆ ಜಾಗದ ಕೆಲಸ. ಅವರ ಚೆಂಡಿನ ಹಿಡಿತ ಕಂಡವರು ‘ಹಾವಾಡಿಗ’ ಎಂದರು. ಗೋಲಿನ ಲೆಕ್ಕ ಮಾತ್ರ ಹಿಡಿದು ಅಳೆದರೆ ಇಂಥ ಆಟಗಾರ ಯಾವಾಗಲೂ ಸಣ್ಣವನಾಗಿ ಕಾಣುತ್ತಾನೆ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನ್ ವಿರುದ್ಧದ ಏಕೈಕ ಗೋಲು ಮೇವಾಲಾಲ್ ಅವರದು. ಆ ಚಿನ್ನದ ತಂಡದಲ್ಲಿ ಅಹ್ಮದ್ ಖಾನ್ ಇದ್ದರೆಂಬುದನ್ನು ಗೋಲುಪಟ್ಟಿ ಹೇಳುವುದಿಲ್ಲ.

ಹೆಲ್ಸಿಂಕಿಯ ಆ ದಿನಕ್ಕೆ ಮರಳೋಣ. ಆ ಸೋಲನ್ನು ಅಳೆಯಲು ಅದೇ ಒಲಿಂಪಿಕ್ಸ್‌ನ ಇನ್ನೊಂದು ಪಂದ್ಯದ ಜೊತೆ ಹೋಲಿಸಬಹುದು. ಅದೇ ಜುಲೈ 15ರಂದು ಫಿನ್‌ಲೆಂಡಿನ ಇನ್ನೊಂದು ಊರಾದ ತುರ್ಕುವಿನಲ್ಲಿ ರುಮೇನಿಯಾ ಹಂಗೇರಿಗೆ 2–1ರಿಂದ ಸೋತಿತು. ರುಮೇನಿಯಾದ ಒಂಟಿ ಗೋಲು ಸೂರು ಎಂಬ ಆಟಗಾರನದು, ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ. ಅಹ್ಮದ್ ಖಾನ್ ಗೋಲೂ ಕೊನೆಯ ಗಳಿಗೆಯದೇ. ಇಬ್ಬರ ಎದುರಾಳಿಗಳೇ ಮುಂದೆ ಫೈನಲ್ ಆಡಿದರು. ಹಂಗೇರಿಗೆ ಚಿನ್ನ, ಯುಗೊಸ್ಲಾವಿಯಾಕ್ಕೆ ಬೆಳ್ಳಿ. ಹತ್ತು ಗೋಲು ಬಿಟ್ಟುಕೊಟ್ಟದ್ದು ಎಂಥ ತಂಡಕ್ಕೆ ಎಂಬುದನ್ನು ಆ ಸೋಲಿನ ಮಾತು ಬಂದಾಗಲೆಲ್ಲ ಜೊತೆಗೇ ಹೇಳಬೇಕು.

ರುಮೇನಿಯಾದ ಹೋಲಿಕೆ ಇನ್ನೊಂದು ಕಾರಣಕ್ಕೂ ಉಪಯುಕ್ತ. ಆಗ ಅಲ್ಲಿ ಕಾಗದದ ಮೇಲೆ ವೃತ್ತಿಪರ ಆಟಗಾರರಿರಲಿಲ್ಲ. ಬುಕಾರೆಸ್ಟಿನ ದೊಡ್ಡ ತಂಡಗಳು ಸೈನ್ಯಕ್ಕೆ, ಗೃಹ ಖಾತೆಗೆ ಸೇರಿದ್ದವು. ನಮ್ಮಲ್ಲೂ ಪೊಲೀಸ್, ರೈಲ್ವೆ, ಮುಂದೆ ಬೆಂಗಳೂರಿನ ಐಟಿಐ, ಎಚ್‌ಎಎಲ್ ತಂಡಗಳಲ್ಲಿ ನೌಕರಿಯೇ ಆಟದ ಸಂಬಳ. ಕಾಲ ಬದಲಾದ ಮೇಲೆ, 2015ರಲ್ಲಿ, ರುಮೇನಿಯಾದ ಆಡ್ರಿಯಾನ್ ಮುಟು ಪುಣೆಯ ತಂಡಕ್ಕೆ ಆಡಲು ಬಂದರು. ತಮ್ಮ ದೇಶಕ್ಕೆ 35 ಗೋಲು ಹೊಡೆದು ಅಲ್ಲಿನ ಹೆಸರಾಂತ ಆಟಗಾರ ಹಾಜಿ ಜೊತೆ ದಾಖಲೆ ಹಂಚಿಕೊಂಡವರು, ಚೆಲ್ಸಿ, ಯುವೆಂಟಸ್‌ಗಳಲ್ಲಿ ಆಡಿದವರು. ಒಪ್ಪಂದ ಹಿಡಿದು ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುವ ಆ ಬದುಕು ಅಹ್ಮದ್ ಖಾನ್ ಪೀಳಿಗೆಗೆ ಇರಲಿಲ್ಲ. ಅವರು ಸುಮಾರು ಹತ್ತು ವರ್ಷ ಒಂದೇ ಕ್ಲಬ್ಬಿನ ಕೆಂಪು-ಹಳದಿ ಅಂಗಿಯಲ್ಲಿ ಆಡಿದರು.

ಆ ಕ್ಲಬ್ಬು 1953ರ ಆಗಸ್ಟ್‌ನಲ್ಲಿ ವಿಶ್ವ ಯುವಜನೋತ್ಸವಕ್ಕೆಂದು ಹೋದದ್ದು ಬುಕಾರೆಸ್ಟಿಗೇ. ಯುರೋಪಿನಲ್ಲಿ ಆಡಿದ ಮೊದಲ ಭಾರತೀಯ ಕ್ಲಬ್ಬಾಗಿ ಅಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು.

ಅಹ್ಮದ್ ಖಾನ್ ಆಟ ಮುಗಿಸಿ ಬೆಂಗಳೂರಿಗೆ ಮರಳಿದರು. 2017ರ ಆಗಸ್ಟ್ 27ರಂದು, ತೊಂಬತ್ತು ತುಂಬಿದ ಮೇಲೆ, ಹುಟ್ಟಿದ ಊರಲ್ಲೇ ತೀರಿಕೊಂಡರು.