ಆಳಿಗೆ ತಕ್ಕ ಕೆಲಸ: ಮಲಿಕ್ ಅಂಬರ್ ಬಿಟ್ಟುಹೋದ ಪಾಠ

ಹತ್ತು ಜನ ಸೇರಿ ಒಂದು ಕೆಲಸಕ್ಕೆ ಕೈ ಹಾಕಿದರೆ ಅವರಲ್ಲಿ ನಾಲ್ಕು ಬಗೆಯವರು ಇದ್ದೇ ಇರುತ್ತಾರೆ. ಕೆಲಸವೂ ಗೊತ್ತು, ಮಾಡುವ ಮನಸ್ಸೂ ಇದೆ ಎನ್ನುವವರು ಒಬ್ಬಿಬ್ಬರು. ಮನಸ್ಸಿದೆ, ಕೆಲಸ ಗೊತ್ತಿಲ್ಲ ಎನ್ನುವವರು ಕೆಲವರು. ಎಲ್ಲವನ್ನೂ ಬಲ್ಲರು, ಆದರೆ ಕರೆದರೆ ಬರುವುದಿಲ್ಲ ಎನ್ನುವವರು ಇನ್ನು ಕೆಲವರು. ಕೆಲಸವೂ ಗೊತ್ತಿಲ್ಲದ, ಮನಸ್ಸೂ ಇಲ್ಲದ ಒಬ್ಬಿಬ್ಬರು ಕೊನೆಗೆ ಉಳಿಯುತ್ತಾರೆ. ದಾಂಡೇಲಿಯ ಕಾಗದದ ಕಾರ್ಖಾನೆಯ ಪಾಳಿಯಲ್ಲಿ, ಹಳಿಯಾಳದ ಕಬ್ಬಿನ ಗದ್ದೆಯಲ್ಲಿ, ಜೋಯಿಡಾದ ಹಳ್ಳಿಯ ಸಂಘದಲ್ಲಿ, ಮುಂಡಗೋಡದ ಮದುವೆ ಮನೆಯಲ್ಲಿ, ಎಲ್ಲಿ ನೋಡಿದರೂ ಇದೇ ಕತೆ. ಮಸೀದಿಯ ಕಮಿಟಿಯೂ ಇದಕ್ಕೆ ಹೊರತಲ್ಲ.

ಮುಂದಾಳುಗಳು ಇಂಥ ಕಡೆ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದೋ ಎಲ್ಲರನ್ನೂ ಒಂದೇ ದನಿಯಲ್ಲಿ ಗದರಿಸುತ್ತಾರೆ, ಇಲ್ಲವೇ ಬಲ್ಲ ಒಬ್ಬಿಬ್ಬರ ಹೆಗಲಿಗೇ ಎಲ್ಲ ಭಾರ ಹಾಕುತ್ತಾರೆ. ಮೊದಲನೆಯದರಿಂದ ಜನ ದೂರವಾಗುತ್ತಾರೆ, ಎರಡನೆಯದರಿಂದ ಒಳ್ಳೆಯವರು ದಣಿದು ಬಿಡುತ್ತಾರೆ. ಜುಮುಅ ಖುತ್ಬಾದಲ್ಲಿ ನಾವು ಈ ವಿಷಯವನ್ನು ಎತ್ತಿಕೊಂಡಿದ್ದೆವು. ಸಮಯ ಸಾಲದೆ ಅಲ್ಲಿ ಹೇಳಲಾಗದ ಇತಿಹಾಸವನ್ನು ಓದುಗರ ಮುಂದೆ ಇಲ್ಲಿ ಇಡುತ್ತಿದ್ದೇವೆ.

ಮಾರಾಟವಾದ ಹುಡುಗ

ನಮ್ಮ ತಾಲ್ಲೂಕುಗಳಲ್ಲಿ ಸಿದ್ದಿ ಸಹೋದರರ ಮನೆಗಳಿವೆ. ಅವರಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. ಬಹಳ ಮಂದಿ ಗುಲಾಮರಾಗಿ ಹಡಗು ಹತ್ತಿದವರು. ಅದೇ ಆಫ್ರಿಕಾದ ಇಥಿಯೋಪಿಯಾದಲ್ಲಿ ಸುಮಾರು 1548ರಲ್ಲಿ ಹುಟ್ಟಿದ ಚಾಪು ಎಂಬ ಹುಡುಗ ಕೈಯಿಂದ ಕೈಗೆ ಮಾರಾಟವಾಗಿ ಬಾಗ್ದಾದಿನ ವ್ಯಾಪಾರಿ ಮೀರ್ ಕಾಸಿಂ ಎಂಬವರ ಮನೆ ಸೇರಿದ. ಆ ಯಜಮಾನರು ಹುಡುಗನ ತೋಳಿನ ಬಲವನ್ನಷ್ಟೇ ನೋಡಲಿಲ್ಲ. ಬುದ್ಧಿಯನ್ನೂ ಕಂಡರು, ಓದು ಬರಹ ಕಲಿಸಿದರು, ಅಂಬರ್ ಎಂದು ಹೆಸರಿಟ್ಟರು.

ಮುಂದೆ ಅಂಬರ್ ದಖ್ಖನಿಗೆ ಬಂದರು. ಅಹಮದ್‌ನಗರದ ನಿಝಾಮ್‌ಶಾಹಿ ರಾಜ್ಯದ ಪೇಶ್ವೆ ಚಂಗೀಝ್ ಖಾನ್ ಅವರನ್ನು ಕೊಂಡುಕೊಂಡರು. ಚಂಗೀಝ್ ಖಾನ್ ಕೂಡ ಒಂದು ಕಾಲದಲ್ಲಿ ಗುಲಾಮರಾಗಿದ್ದ ಹಬಶಿ. ರಾಜ್ಯ ನಡೆಸುವುದು ಹೇಗೆ ಎಂಬುದನ್ನು ಅಂಬರ್ ಅವರ ಬಳಿ ಇದ್ದು ಕಲಿತರು. ಯಜಮಾನರ ಮರಣದ ನಂತರ ಬಿಡುಗಡೆ ಪಡೆದು, ಕೆಲವು ವರ್ಷ ನಮ್ಮ ವಿಜಾಪುರದ ಆದಿಲ್‌ಶಾಹಿಯಲ್ಲೂ ಸೇವೆ ಮಾಡಿ, ಸಣ್ಣದೊಂದು ಕುದುರೆ ದಂಡಿನೊಂದಿಗೆ ಅಹಮದ್‌ನಗರಕ್ಕೆ ಮರಳಿದರು.

1600ರಲ್ಲಿ ಅಹಮದ್‌ನಗರದ ಕೋಟೆ ಮೊಘಲರ ಕೈ ಸೇರಿತು. ಸಂಬಳವಿಲ್ಲದ, ದಿಕ್ಕಿಲ್ಲದ ಸೈನಿಕರು ಚೆಲ್ಲಾಪಿಲ್ಲಿಯಾದರು. ಅಂಬರ್ ಅವರನ್ನು ಒಟ್ಟುಗೂಡಿಸಿದರು. ನಿಝಾಮ್‌ಶಾಹಿ ಮನೆತನದ ಒಬ್ಬ ಯುವಕನನ್ನು ಎರಡನೇ ಮುರ್ತಝಾ ಎಂಬ ಹೆಸರಿನಲ್ಲಿ ಗಾದಿಗೆ ಕೂರಿಸಿ ತಾವು ಆಡಳಿತ ನಡೆಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರ ಬಳಿ ಹತ್ತು ಸಾವಿರ ಹಬಶಿಗಳೂ ನಲವತ್ತು ಸಾವಿರ ದಖ್ಖನಿಗರೂ ಇದ್ದರೆಂದು ವಿಲಿಯಂ ಫಿಂಚ್ ಎಂಬ ಇಂಗ್ಲಿಷ್ ವ್ಯಾಪಾರಿ ಬರೆದಿದ್ದಾನೆ.

ಒಂದೇ ಅಳತೆಗೋಲು ಇಲ್ಲ

ಈ ಪಡೆ ಒಂದೇ ಬಣ್ಣದ್ದಲ್ಲ, ಒಂದೇ ಭಾಷೆಯದ್ದಲ್ಲ, ಒಂದೇ ಧರ್ಮದ್ದೂ ಅಲ್ಲ. ಅಂಬರ್ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಲು ಹೋಗಲಿಲ್ಲ. ಚಿಕ್ಕಂದಿನಿಂದ ಯುದ್ಧದ ತರಬೇತಿ ಪಡೆದ ಹಬಶಿಗಳು ಪಡೆಯ ಗಟ್ಟಿ ನಡುವಾದರು. ಮರಾಠಾ ಸವಾರರಿಗೆ ಬೆಟ್ಟ, ಕಣಿವೆ, ಕಾಲುದಾರಿ ಎಲ್ಲವೂ ಅಂಗೈ ಗೆರೆಯಷ್ಟು ಗೊತ್ತು. ಅವರನ್ನು ಬಯಲಿನಲ್ಲಿ ಮೊಘಲರ ಫಿರಂಗಿಗಳ ಎದುರು ನಿಲ್ಲಿಸಿದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಅಂಬರ್ ಅವರಿಗೆ ಬೇರೆ ಕೆಲಸ ಕೊಟ್ಟರು. ಶತ್ರುವಿನ ದವಸದ ಗಾಡಿಗಳನ್ನು ತಡೆಯುವುದು, ಮೇವು ಸಿಗದಂತೆ ಮಾಡುವುದು, ರಾತ್ರಿ ಬಂದು ಹೊಡೆದು ಬೆಳಗಾಗುವುದರೊಳಗೆ ಮಾಯವಾಗುವುದು. ದೊಡ್ಡ ಸೈನ್ಯಕ್ಕೆ ಅಸಾಧ್ಯವಾದದ್ದು ಈ ಹಗುರ ಸವಾರರಿಂದ ಸಾಧ್ಯವಾಯಿತು. ಮುಂದೆ ಶಿವಾಜಿ ಮಹಾರಾಜರ ತಂದೆಯೆನಿಸಿದ ಶಹಾಜಿ ಭೋಸಲೆ ಈ ಪಡೆಯಲ್ಲಿ ಪಳಗಿದವರು. ಕಂದಾಯದ ಲೆಕ್ಕಕ್ಕೆ ಲೆಕ್ಕ ಬಲ್ಲ ಬ್ರಾಹ್ಮಣರು, ಹಳ್ಳಿಯ ವ್ಯವಹಾರಕ್ಕೆ ಹಳ್ಳಿಯ ಪಟೇಲರು.

ಭೂಮಿಯ ವಿಷಯದಲ್ಲೂ ಅಂಬರ್ ಇದೇ ರೀತಿ ನಡೆದುಕೊಂಡರು. ಎಲ್ಲ ಹೊಲಕ್ಕೂ ಒಂದೇ ತೆರಿಗೆ ಎನ್ನಲಿಲ್ಲ. ನೆಲದ ಗುಣ ನೋಡಿ ವಿಂಗಡಿಸಿ, ನಿಜವಾಗಿ ಎಷ್ಟು ಬೆಳೆಯುತ್ತದೆ ಎಂದು ತಿಳಿದು ಕಂದಾಯ ಗೊತ್ತುಮಾಡಿದರು. ಎರೆಭೂಮಿಯಿಂದ ಕೇಳುವಷ್ಟನ್ನು ಕಲ್ಲುನೆಲದಿಂದ ಕೇಳಬಾರದು. ಇದನ್ನು ಪ್ರತಿಯೊಬ್ಬ ರೈತನೂ ಬಲ್ಲ. ಮನುಷ್ಯರ ವಿಷಯ ಬಂದಾಗ ಮಾತ್ರ ನಾವು ಮರೆತುಬಿಡುತ್ತೇವೆ.

ಮನಸ್ಸಿಲ್ಲದಿರಲು ಕಾರಣವಿರುತ್ತದೆ

ಕೌಶಲ ಕಣ್ಣಿಗೆ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ಆ ಕಾಲದ ದಖ್ಖನಿನಲ್ಲಿ ಸವಾರರು ಎರಡು ಬಗೆ. ಕುದುರೆ ಸರ್ಕಾರದ್ದಾದರೆ ಆತ ಬಾರ್ಗೀರ್. ಕುದುರೆ ಸ್ವಂತದ್ದಾದರೆ ಸಿಲಾಹದಾರ. ಯುದ್ಧದಲ್ಲಿ ಕುದುರೆ ಸತ್ತರೆ ಬಾರ್ಗೀರನಿಗೆ ಮತ್ತೊಂದು ಸಿಕ್ಕೀತು, ಸಿಲಾಹದಾರನ ಮನೆತನದ ಆಸ್ತಿಯೇ ಹೋದಂತೆ. ಆತ ಮುಂದೆ ನುಗ್ಗಲು ಹಿಂಜರಿದರೆ ಅದನ್ನು ಹೇಡಿತನ ಎನ್ನಲಾದೀತೇ? ಹಿಂಜರಿಕೆಯ ಹಿಂದೆ ಯಾವ ಲೆಕ್ಕ ಇದೆ ಎಂದು ಮುಂದಾಳು ತಿಳಿಯಬೇಕು. ಗದರಿಸಿದ ಮಾತ್ರಕ್ಕೆ ಆ ಲೆಕ್ಕ ಬದಲಾಗುವುದಿಲ್ಲ.

ಅಂಬರ್ ಅವರಿಗೂ ಎಲ್ಲರ ಮನಸ್ಸನ್ನು ಹಿಡಿದಿಡಲು ಆಗಲಿಲ್ಲ. ಕೆಲವು ಮರಾಠಾ ಸರದಾರರೂ ಸ್ವತಃ ಕೆಲವು ಹಬಶಿ ನಾಯಕರೂ ಅಸಮಾಧಾನಗೊಂಡು ಮೊಘಲರ ಕಡೆ ಸೇರಿದರು. ಒಳಗಿನ ಗುಟ್ಟು ಬಲ್ಲವರು ಹೊರಗೆ ಹೋದ ಫಲ 1616ರಲ್ಲಿ ರೋಶನ್‌ಗಾಂವ್‌ನಲ್ಲಿ ಕಂಡಿತು. ಅಂಬರ್ ಸೋತರು. ತಾವೇ ಕಟ್ಟಿದ್ದ ಖಡ್ಕಿ ಪಟ್ಟಣವನ್ನು, ಅಂದರೆ ಮುಂದಿನ ಔರಂಗಾಬಾದನ್ನು, ಶತ್ರುಗಳು ಹಾಳುಮಾಡಿದರು. ದೂರವಾದವರು ಸ್ವಂತ ಕುಲದವರೂ ಆಗಿದ್ದರು ಎಂಬುದನ್ನು ಗಮನಿಸಬೇಕು. ನಮ್ಮವನು, ಎಲ್ಲಿಗೆ ಹೋದಾನು ಎಂಬ ನಂಬಿಕೆ ಮುಂದಾಳುವಿಗೆ ಸಲ್ಲದು.

ಆ ಸೋಲಿನ ನಂತರ ಬೇರೆ ಯಾರಾದರೂ ಆಗಿದ್ದರೆ ತನ್ನ ಕುಲದವರನ್ನಷ್ಟೇ ಇಟ್ಟುಕೊಂಡು ಮರಾಠರನ್ನೆಲ್ಲ ಅನುಮಾನದಿಂದ ನೋಡುತ್ತಿದ್ದರೇನೋ. ಅಂಬರ್ ಹಾಗೆ ಮಾಡಲಿಲ್ಲ. ಹೋದವರ ಸಿಟ್ಟನ್ನು ಉಳಿದವರ ಮೇಲೆ ತೀರಿಸದೆ ಪಡೆಯನ್ನು ಮತ್ತೆ ಕಟ್ಟಿದರು. 1624ರಲ್ಲಿ ಅಹಮದ್‌ನಗರದ ಹತ್ತಿರದ ಭಾತವಡಿಯಲ್ಲಿ ಮೊಘಲರೂ ವಿಜಾಪುರದವರೂ ಒಟ್ಟಾಗಿ ಬಂದಾಗ ಶಹಾಜಿ ಮತ್ತು ಅವರ ತಮ್ಮ ಶರೀಫ್‌ಜಿ ಅಂಬರ್ ಜೊತೆಗಿದ್ದರು. ಶರೀಫ್‌ಜಿ ಅಲ್ಲಿಯೇ ಪ್ರಾಣ ಕೊಟ್ಟರು. ಅಂಬರ್ ಕೆರೆಯ ನೀರು ಹರಿಸಿ ನೆಲವನ್ನು ಕೆಸರು ಮಾಡಿಸಿದರು, ದವಸ ಬರುವ ದಾರಿಯನ್ನು ಮುಚ್ಚಿಸಿದರು. ಹಸಿದ ಶತ್ರು ಸೈನಿಕರೇ ಇತ್ತ ಬರತೊಡಗಿದರು. ರೋಶನ್‌ಗಾಂವ್‌ನಲ್ಲಿ ಅವರನ್ನು ಸೋಲಿಸಿದ ರೋಗವೇ ಭಾತವಡಿಯಲ್ಲಿ ಎದುರಾಳಿಗಳನ್ನು ಸೋಲಿಸಿತು.

ನಾವು ಯುದ್ಧವನ್ನು ಕೊಂಡಾಡಲು ಇದನ್ನು ಬರೆಯುತ್ತಿಲ್ಲ. ಇದೇ ಪಡೆ ವಿಜಾಪುರದ ಪಕ್ಕದ ನೌರಸ್‌ಪುರವನ್ನು ಸುಟ್ಟಿದ್ದೂ ಇತಿಹಾಸವೇ. ಜಹಾಂಗೀರ್ ಬಾದಶಹರು ತಮ್ಮ ಆತ್ಮಕಥೆಯಲ್ಲಿ ಅಂಬರ್ ಅವರನ್ನು ಮೈಬಣ್ಣ ಎತ್ತಿ ಹಳಿದರು, ಅವರ ರುಂಡಕ್ಕೆ ತಾವು ಬಾಣ ಬಿಡುವ ಚಿತ್ರವನ್ನೂ ಬರೆಸಿಕೊಂಡರು. ಆದರೆ 1626ರಲ್ಲಿ ಅಂಬರ್ ತೀರಿಕೊಂಡಾಗ ಮೊಘಲ್ ಆಸ್ಥಾನದ ಇತಿಹಾಸಕಾರ ಮುಅ್ತಮಿದ್ ಖಾನ್ ಅವರೇ ಆ ನಾಯಕತ್ವಕ್ಕೂ ಆಡಳಿತಕ್ಕೂ ಸಾಟಿಯಿಲ್ಲ ಎಂಬರ್ಥದಲ್ಲಿ ಬರೆದರು. ಖುಲ್ದಾಬಾದಿನಲ್ಲಿ ಅವರ ಸಮಾಧಿ ಇಂದಿಗೂ ಇದೆ.

ನಮ್ಮ ಕಾಡಿನ ಓಟಗಾರರು

ಇನ್ನು ನಮ್ಮ ಕಾಲಕ್ಕೆ, ನಮ್ಮ ಊರಿಗೆ ಬರೋಣ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿತು. ಆಫ್ರಿಕಾ ಮೂಲದವರಾದ್ದರಿಂದ ಚೆನ್ನಾಗಿ ಓಡುತ್ತಾರೆ ಎಂಬುದು ಅದರ ಹಿಂದಿನ ಲೆಕ್ಕ. ಕಾಡಿನ ಮನೆಗಳಿಂದ ಮಕ್ಕಳು ತರಬೇತಿಗೆ ಹೋದರು. ಕಮಲಾ ಸಿದ್ದಿಯವರಂಥ ಓಟಗಾರ್ತಿ ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1993ರ ಹೊತ್ತಿಗೆ ಯೋಜನೆ ನಿಂತಿತು. ಕೆಲವರಿಗೆ ಸರ್ಕಾರಿ ಕೆಲಸ ಸಿಕ್ಕಿತು, ಹಲವರು ಹೊಲ, ಕೂಲಿಗೆ ಮರಳಿದರು.

ಆ ಮಕ್ಕಳಲ್ಲಿ ಕೌಶಲ ಇರಲಿಲ್ಲವೇ? ಇತ್ತು, ಪದಕಗಳೇ ಸಾಕ್ಷಿ. ಆದರೆ ರಕ್ತ ನೋಡಿ ಆರಿಸುವುದು ಬೇರೆ, ಮನುಷ್ಯನನ್ನು ನೋಡಿ ಬೆಳೆಸುವುದು ಬೇರೆ. ನಾಳೆ ನನ್ನ ಗತಿ ಏನು ಎಂಬ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಎಂಥ ಓಟಗಾರನ ಕಾಲೂ ತಡೆಯುತ್ತದೆ. ಸಿಲಾಹದಾರನ ಕುದುರೆಯ ಲೆಕ್ಕ ಇಲ್ಲಿಯೂ ಅದೇ. ಈ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಗಲು 2003ರವರೆಗೆ ಕಾಯಬೇಕಾಯಿತು.

ಜಮಾಅತ್‌ಗೆ ಇದರಿಂದ ಏನು?

ಅಝಾನ್‌ನ ಪದಗಳನ್ನು ಕನಸಿನಲ್ಲಿ ಕಂಡವರು ಹ. ಅಬ್ದುಲ್ಲಾ ಬಿನ್ ಝೈದ್(ರ). ಆದರೆ ಪ್ರವಾದಿ(ಸ)ರು ಕರೆ ಕೊಡುವ ಕೆಲಸವನ್ನು ಹಬಶಿ ಬಿಲಾಲ್(ರ)ರಿಗೆ ವಹಿಸಿದರು, ಏಕೆಂದರೆ ಅವರ ದನಿ ದೂರ ಮುಟ್ಟುತ್ತಿತ್ತು. ಕನಸು ಕಂಡವರ ಗೌರವ ಕುಂದಲಿಲ್ಲ. ಅವರೇ ಪದಗಳನ್ನು ಹೇಳಿಕೊಟ್ಟರು, ಬಿಲಾಲ್ ಕೂಗಿದರು. ಒಂದು ಕೆಲಸದಲ್ಲಿ ಇಬ್ಬರಿಗೂ ಪಾಲು, ಇಬ್ಬರಿಗೂ ತಕ್ಕ ಪಾಲು.

ನಮ್ಮ ಜಮಾಅತ್‌ಗಳೂ ಇದನ್ನು ಮಾಡಬಹುದು. ಮನಸ್ಸಿದ್ದು ಕೆಲಸ ಗೊತ್ತಿಲ್ಲದ ಯುವಕನನ್ನು ಬಲ್ಲ ಹಿರಿಯರ ಜೊತೆಗೆ ಕೂರಿಸಿ. ಒಂದು ರಮಝಾನ್ ಲೆಕ್ಕದ ಪುಸ್ತಕ ಬರೆದರೆ ಮುಂದಿನ ರಮಝಾನ್‌ಗೆ ಆತನೇ ಇನ್ನೊಬ್ಬರಿಗೆ ಕಲಿಸುತ್ತಾನೆ. ಬಲ್ಲವರಾಗಿಯೂ ಬಾರದವರ ಮನೆಗೆ ಹೋಗಿ, ಕಾರಣ ಕೇಳಿ. ಕಾರ್ಖಾನೆಯ ರಾತ್ರಿ ಪಾಳಿ ಇರಬಹುದು, ಹಿಂದೆ ಸಭೆಯಲ್ಲಿ ಆದ ಅವಮಾನ ಇರಬಹುದು, ಲೆಕ್ಕ ತೋರಿಸಲಿಲ್ಲ ಎಂಬ ಬೇಸರ ಇರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಬಲ್ಲವರೂ ಬರುವವರೂ ಆದವರ ತಲೆಯ ಮೇಲೆ ನಿಂತು ಮೇಲ್ವಿಚಾರಣೆ ಮಾಡಬೇಡಿ, ಅವರಿಗೆ ಬಿಡುವು ಕೊಡಿ. ಏನೂ ಬೇಡ ಎನ್ನುವವರಿಗೆ ಸಣ್ಣದೊಂದು ಕೆಲಸ ಕೊಟ್ಟು, ಮುಗಿದಾಗ ನಾಲ್ಕು ಜನರ ಮುಂದೆ ಒಂದು ಒಳ್ಳೆಯ ಮಾತು ಹೇಳಿ.

ಕೊನೆಗೊಂದು ಪ್ರಶ್ನೆ. ಕಬ್ರ್ ತೋಡಲು, ದೇಗ್ ಇಳಿಸಲು, ಚಪ್ಪರ ಹಾಕಲು ನಾವು ಯಾರನ್ನು ಕರೆಯುತ್ತೇವೆ? ಕಮಿಟಿಯ ಪಟ್ಟಿಯಲ್ಲಿ ಯಾರ ಹೆಸರಿದೆ? ಸಿದ್ದಿ ಸಹೋದರರು ಮೊದಲನೆಯದರಲ್ಲಿ ಸದಾ ಇದ್ದು ಎರಡನೆಯದರಲ್ಲಿ ಎಂದೂ ಇಲ್ಲದಿದ್ದರೆ, ಅವರ ತೋಳನ್ನು ಮಾತ್ರ ನೋಡಿದ್ದೇವೆ ಎಂದಾಯಿತು. ಮೀರ್ ಕಾಸಿಂ ಅವರೂ ಅಷ್ಟನ್ನೇ ನೋಡಿದ್ದರೆ ದಖ್ಖನಿನ ಇತಿಹಾಸದಲ್ಲಿ ಮಲಿಕ್ ಅಂಬರ್ ಎಂಬ ಹೆಸರೇ ಇರುತ್ತಿರಲಿಲ್ಲ.

ಪ್ರತಿಯೊಬ್ಬರಲ್ಲೂ ತಾನಿಟ್ಟ ಯೋಗ್ಯತೆಯನ್ನು ಗುರುತಿಸುವ ಕಣ್ಣನ್ನೂ ದೂರವಾದವರ ಬಾಗಿಲಿಗೆ ನಡೆದು ಹೋಗುವ ವಿನಯವನ್ನೂ ಅಲ್ಲಾಹನು ನಮ್ಮೆಲ್ಲರಿಗೆ ಕರುಣಿಸಲಿ. ಆಮೀನ್.