ಬ್ರೇಕಿನ ಕಿರುಚು ದನಿ

ಭಂಡಿಗಡಿಯ ಸುತ್ತಿನ ಮಲೆನಾಡ ರಸ್ತೆಗಳಲ್ಲಿ ಇಳಿಜಾರು ಬಂದೊಡನೆ ಕಾರಿನ ಬ್ರೇಕು ಕಿರುಗುಟ್ಟುವುದನ್ನು ತಾವು ಕೇಳಿರಬಹುದು. ಈ ದನಿಗೆ ನೂರು ವರ್ಷ ಮೀರಿದ ಚರಿತ್ರೆಯುಂಟು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದನು. ಅದರ ತಾಮ್ರದ ಪ್ಯಾಡು ಲೋಹದ ಬಿಲ್ಲೆಗೆ ಉಜ್ಜಿ ಕರ್ಕಶವಾಗಿ ಅರಚುತ್ತಿತ್ತು. 1907ರಲ್ಲಿ ಹರ್ಬರ್ಟ್ ಫ್ರೂಡನು ಕಲ್ನಾರಿನ ಹೊದಿಕೆಯಿಂದ ಅದನ್ನು ಅಡಗಿಸಿದನು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಮುಂದೆ ತಿಳಿದು ಅದನ್ನೂ ಬಿಡಬೇಕಾಯಿತು.

ಇಂದು ದನಿಯನ್ನು ತಗ್ಗಿಸಲು ಪ್ಯಾಡಿನ ಬೆನ್ನಿಗೆ ಶಿಮ್ ಎಂಬ ತೆಳು ತಗಡನ್ನಿಡುತ್ತಾರೆ. ಎರಡು ಸ್ವರಗಳ ನಡುವೆ ಆಗಮಸಂಧಿಯ ಯಕಾರ ಬಂದು ಉಚ್ಚಾರಣೆ ನಯವಾಗುವಂತೆ, ಪ್ಯಾಡಿಗೂ ಅದನ್ನೊತ್ತುವ ಪಿಸ್ಟನ್ನಿಗೂ ನಡುವೆ ನಿಂತು ಇದು ಕಂಪನವನ್ನು ತಗ್ಗಿಸುತ್ತದೆ.

ಪ್ಯಾಡು ಬದಲಿಸುವಾಗ ಅದು ಬೇಕೆ? ಕಾರು ತಯಾರಿಸಿದವರು ಇಟ್ಟಿದ್ದರೆ ಬೇಕು. ಹೊಸ ಪ್ಯಾಡಿಗೆ ಅಂಟಿಕೊಂಡೇ ಬಂದಿದ್ದರೆ ಇನ್ನೊಂದನ್ನು ಸೇರಿಸಬಾರದು. ಒಂದು ಸಂಧಿಗೆ ಎರಡು ಯಕಾರವಿಲ್ಲವಷ್ಟೆ! ತುಕ್ಕು ಹಿಡಿದುದನ್ನು ಮತ್ತೆ ಹಾಕಬಾರದು.

ಆದರೆ ಶಿಮ್ ದನಿಯನ್ನು ಅಡಗಿಸೀತೇ ಹೊರತು ಸವೆದ ಪ್ಯಾಡಿಗೆ ಬಲ ಕೊಡಲಾರದು. ಸವೆದ ಪ್ಯಾಡೂ ಹೀಗೆಯೇ ಕಿರುಚಿ ಎಚ್ಚರಿಸುವುದುಂಟು. ಆದುದರಿಂದ ದನಿ ಕೇಳಿದೊಡನೆ ಮೊದಲು ಪ್ಯಾಡಿನ ದಪ್ಪವನ್ನು ನೋಡಿಸಿರಿ. ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಸುಮ್ಮನಿರುವ ಬ್ರೇಕಿಗಿಂತ ಹಿಡಿಯುವ ಬ್ರೇಕು ಲೇಸು.